ಹೊನ್ನಾವರದ ಸೆಕೆಗೆ ಸ್ಟೌಟ್ ಒಗ್ಗೀತೆ?

ಮನೆಯಲ್ಲೇ ಬಿಯರ್ ಮಾಡುವವರ ಲೋಕದಲ್ಲಿ ಕಾಫಿ, ವಿಸ್ಕಿ ಬೆರೆತ ಗಟ್ಟಿ ಕಪ್ಪು ಸ್ಟೌಟ್‌ಗೆ ದೊಡ್ಡ ಮರ್ಯಾದೆ. ಇಪ್ಪತ್ತು ಲೀಟರಿಗೆ ಏಳೆಂಟು ಕಿಲೋ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬೇಕು. ಅದರಲ್ಲೊಂದು ಪಾಲು ಕಪ್ಪಗೆ ಹುರಿದಿರಬೇಕು. 66-67 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ನೆನೆಸಿಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಬೇಕು. ಹುದುಗು ಅಡಗಿದ ಮೇಲೆ ವಿಸ್ಕಿಯಲ್ಲಿ ನೆನೆದ ಓಕ್ ಮರದ ಚಕ್ಕೆ, ಕಟ್ಟಕಡೆಗೆ ತಣ್ಣೀರಿನಲ್ಲಿ ರಾತ್ರಿಯಿಡೀ ಇಳಿಸಿದ ಕಾಫಿ ಡಿಕಾಕ್ಷನ್. ಕಾಫಿಯನ್ನು ಮೊದಲೇ ಹಾಕಿ ಕುದಿಸಿದರೆ ಘಮ ಹಾರಿಹೋಗಿ ಒಗರಷ್ಟೇ ಉಳಿಯುತ್ತದೆ. ನೂರಕ್ಕೆ ಒಂಬತ್ತು-ಹತ್ತು ಪಾಲು ಆಲ್ಕೋಹಾಲ್ ಇರುವ ಈ ಪೇಯ ತಿಂಗಳುಗಟ್ಟಲೆ ಕೂತು ಹದಗೊಳ್ಳಬೇಕು. ಕೇಳಲು ಸೊಗಸೇ. ಆದರೆ ಭಟ್ಕಳ, ಹೊನ್ನಾವರ, ಕುಮಟೆಗಳ ಮಟ್ಟಿಗೆ ಇದು ಒಗ್ಗದ ಪೇಯ. ಒಗ್ಗುವ ಪೇಯವೊಂದು ಇಲ್ಲಿತ್ತು, ಅದನ್ನು ರುಚಿಯಲ್ಲ, ಕಾನೂನು ಸೋಲಿಸಿತು ಎಂಬುದು ನನ್ನ ವಾದ.

ಮೊದಲು ಹವೆಯ ಮಾತು. ಸ್ಟೌಟ್ ಚಳಿದೇಶದ ಕೂಸು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಕೂಲಿಯವರು ಕುಡಿಯುತ್ತಿದ್ದ ಪೋರ್ಟರಿನ ಗಟ್ಟಿ ರೂಪ ಅದು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಬಾರ್ಲಿ ಹುರಿಯುವ ಉರುಳೆಗೆ ಪೇಟೆಂಟ್ ಪಡೆದ. ಅದರ ರಚನೆ ಕಾಫಿಬೀಜ ಹುರಿಯುವ ಡ್ರಮ್ಮಿನದೇ. ಸ್ಟೌಟಿಗೆ ಕಾಫಿ ಹಾಕುವುದನ್ನು ಇತ್ತೀಚಿನ ಷೋಕಿ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಆ ಕಪ್ಪು ಬಣ್ಣಕ್ಕೇ ಕಾಫಿಯ ಋಣವಿದೆ. ಲಂಡನ್ನಿನಿಂದ ರಷ್ಯಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದ ಸ್ಟೌಟ್ ಇನ್ನೂ ಗಡುಸು. ದೂರ ಸಾಗಬೇಕು, ಬಹುಕಾಲ ಕೆಡದೆ ಇರಬೇಕು ಎಂಬುದೇ ಅದರ ಗಟ್ಟಿತನದ ಗುಟ್ಟು. ಅದನ್ನು ಹುದುಗಿಸುವ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಸಿಹಿ ಹೆಚ್ಚಿದಷ್ಟೂ ಯೀಸ್ಟ್ ತಾನೇ ಕಾವೇರಿಸಿಕೊಂಡು ಪಾತ್ರೆಯನ್ನು ಇನ್ನೂ ನಾಲ್ಕಾರು ಡಿಗ್ರಿ ಬಿಸಿ ಮಾಡುತ್ತದೆ. ಹೊನ್ನಾವರದ ಮೇ ತಿಂಗಳಲ್ಲಿ ಹಗಲು 33 ದಾಟಿ, ಇರುಳಲ್ಲೂ ಅಂಗಿ ಮೈಗಂಟುವಾಗ ಇದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟರೆ ಆಗುವುದಿಷ್ಟೆ: ಯೀಸ್ಟ್ ರೇಗಿ ಓಡಿ, ಬಣ್ಣದಂಗಡಿಯ ಥಿನ್ನರಿನಂಥ ನಾತ ಬಿಟ್ಟು, ಕುಡಿದವನಿಗೆ ತಲೆನೋವು ಕೊಡುತ್ತದೆ. ಕಾಫಿ, ವಿಸ್ಕಿ ಎಷ್ಟು ಸುರಿದರೂ ಆ ತಪ್ಪು ಮುಚ್ಚುವುದಿಲ್ಲ.

ಫ್ರಿಜ್ಜಿನಲ್ಲಿಟ್ಟರಾಯಿತಲ್ಲ ಎನ್ನಬಹುದು. ಆಯಿತು, ನಿಜ. ಆದರೆ ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಕಾಯುವ ಊರುಗಳಿವು. ಅದಕ್ಕಿಂತ ದೊಡ್ಡ ತೊಡಕು ಕಾಯ್ದೆಯದು. ಬ್ರಿಟನ್ 1963ರಲ್ಲಿ ಮನೆ ಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದಿತು. ಅಮೆರಿಕ 1978ರಲ್ಲಿ ಒಪ್ಪಿತು. ನಮ್ಮಲ್ಲಿ ಕರ್ನಾಟಕದ 1965ರ ಅಬಕಾರಿ ಕಾಯ್ದೆ ಹವ್ಯಾಸ, ದಂಧೆ ಎಂಬ ಭೇದವನ್ನೇ ಮಾಡುವುದಿಲ್ಲ; ಪರವಾನಗಿ ಇಲ್ಲದೆ ಮದ್ಯ ತಯಾರಿಸಿದರೆ ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಯ ತಾಮ್ರದ ಹಂಡೆಯಲ್ಲಿ ಕುದಿಯುವುದು ಉದ್ಯಮ, ಕುಮಟೆಯ ಹಿತ್ತಿಲ ಹಂಡೆಯಲ್ಲಿ ಕುದಿಯುವುದು ಕಳ್ಳಭಟ್ಟಿಯ ಸಾಲಿಗೆ. ಹಂಡೆಯ ಒಳಗಿರುವುದು ಮಾತ್ರ ಅದೇ ಬಾರ್ಲಿ.

ಈ ಕರಾವಳಿಗೆ ಹುದುಗು ಬರಿಸುವುದನ್ನು ಹೊರಗಿನವರು ಕಲಿಸಬೇಕಾಗಿರಲಿಲ್ಲ. ತೆಂಗಿನ ಮರದಲ್ಲಿ ಇನ್ನೂ ಒಡೆಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು, ಮೆತ್ತಗಾಗುವವರೆಗೆ ದಿನವೂ ಹದವಾಗಿ ಬಡಿಯುತ್ತಾರೆ. ಜೋರು ಬಡಿದರೆ ಹೊಂಬಾಳೆ ಸೀಳಿ ಕೊಳೆಯುತ್ತದೆ, ಮೆಲ್ಲಗೆ ಬಡಿದರೆ ರಸ ಸುರಿಯುವುದಿಲ್ಲ. ಹದ ಬಂದ ಮೇಲೆ ತುದಿ ಕೊಯ್ದು ಮಡಕೆ ಕಟ್ಟುತ್ತಾರೆ. ಆಮೇಲೆ ಬೆಳಿಗ್ಗೆ, ಸಂಜೆ ಮರ ಹತ್ತಿ, ಹರಿತವಾದ ಕತ್ತಿಯಿಂದ ಎಲೆಯಷ್ಟು ತೆಳ್ಳಗೆ ಹೊಸ ಗಾಯ ಮಾಡಬೇಕು, ಇಲ್ಲವಾದರೆ ರಸದ ಬಾಯಿ ಕಟ್ಟುತ್ತದೆ. ಚಿಪ್ಪು ಸುಟ್ಟ ಸುಣ್ಣವನ್ನು ಮಡಕೆಯ ಒಳಗೆ ಬಳಿದರೆ ಸಿಹಿಯಾದ ನೀರಾ; ಅದನ್ನು ಕಾಸಿದರೆ ಬೆಲ್ಲ. ಬಳಿಯದಿದ್ದರೆ ಗಾಳಿಯಲ್ಲಿರುವ, ಹಳೆಯ ಮಡಕೆಗೆ ಅಂಟಿರುವ ಯೀಸ್ಟೇ ಕೆಲಸ ಶುರು ಮಾಡಿ, ಕೆಲವೇ ತಾಸಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಆಲ್ಕೋಹಾಲಿನ ಕಳ್ಳು. ಮೂವತ್ತು ಡಿಗ್ರಿ ಸೆಕೆಯೇ ಇದಕ್ಕೆ ಅನುಕೂಲ. ಮರುದಿನಕ್ಕೆ ಅದು ಹುಳಿ, ಆಮೇಲೆ ವಿನೆಗರ್. ಸ್ಟೌಟ್ ಕಾಯುವುದಕ್ಕೆಂದೇ ಹುಟ್ಟಿದ್ದು, ಕಳ್ಳು ಕಾಯಲಾರದು. ಈ ಒಂದು ಗುಣದಿಂದಲೇ ಅದು ಊರು ಬಿಟ್ಟು ಹೋಗದೆ ಊರಿನ ಪೇಯವಾಗಿ ಉಳಿಯಿತು.

ಈ ಕೌಶಲ ಎಲ್ಲಿ ಹೋಯಿತು? 1862ರಲ್ಲಿ ಈ ಊರುಗಳಿರುವ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಮುಂಬೈ ಅಬಕಾರಿ ಕಾಯ್ದೆ ಕಳ್ಳಿನ ಮರಗಳನ್ನು ತೆರಿಗೆಯ ಲೆಕ್ಕಕ್ಕೆ ತಂದಿತು. 1883ರ ಗೆಜೆಟಿಯರ್ ಹಳೆಪೈಕರನ್ನು, ಅಂದರೆ ಇಂದಿನ ನಾಮಧಾರಿ ನಾಯ್ಕರ ಹಿರಿಯರನ್ನು, ಈ ಕಸುಬಿನವರೆಂದೇ ದಾಖಲಿಸಿತು. 1949ರ ಮುಂಬೈ ಪಾನನಿರೋಧ ಕಾಯ್ದೆ ಬಂದಾಗ ಕಸುಬೇ ಅಪರಾಧವಾಯಿತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನೀತಿ ಸಡಿಲಿದರೂ, 2004ರಲ್ಲಿ ಕರ್ನಾಟಕ ಶೇಂದಿಯನ್ನು, ಅಂದರೆ ಕಳ್ಳನ್ನು, ನಿಲ್ಲಿಸಿ ದಕ್ಷಿಣ ಕನ್ನಡ, ಉಡುಪಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. 2007ರ ಜುಲೈ 1ರಿಂದ ಸಾರಾಯಿಯೂ ಹೋಯಿತು. ಮುಖ್ಯವಾಗಿ ಉಳಿದದ್ದು ನೂರಕ್ಕೆ 42.8 ಪಾಲು ಆಲ್ಕೋಹಾಲಿನ ವಿಸ್ಕಿ, ಬ್ರಾಂದಿ. ಶಿರೂರಿನ ತೆಂಗಿಗೂ ಅದರಾಚೆಗಿನ ಭಟ್ಕಳದ ತೆಂಗಿಗೂ ನಡುವೆ ಇರುವುದು ಜಿಲ್ಲೆಯ ಗಡಿಕಲ್ಲು ಮಾತ್ರ; ಆದರೆ ಐದು ಪಾಲಿನದಕ್ಕೆ ಇಲ್ಲದ ಅನುಮತಿ ನಲವತ್ತೆರಡು ಪಾಲಿನದಕ್ಕೆ ಪೇಟೆಯ ನಡುವೆಯೇ ಸಿಗುತ್ತದೆ. ಆರೋಗ್ಯದ ಕಾಳಜಿ ಎಂದರೆ ನಾನು ನಂಬಲಾರೆ. ಬಾಟಲಿಯನ್ನು ಎಣಿಸಿ ಸುಂಕ ಹಾಕಬಹುದು, ಮಡಕೆಯನ್ನು ಎಣಿಸುವುದು ಕಷ್ಟ.

ಕಲಬೆರಕೆ ತಡೆಯಲು ನಿಷೇಧ ಬೇಕಾಯಿತು ಎಂಬ ವಾದದಲ್ಲಿ ಹುರುಳಿದೆ. ಬಯಲುಸೀಮೆಯಲ್ಲಿ ಮರ ಕೊಡುವುದಕ್ಕಿಂತ ಹೆಚ್ಚು ಕಳ್ಳು ಮಾರಾಟವಾಗುತ್ತಿತ್ತು. ಕೊರತೆ ತುಂಬಿದ್ದು ರಾಸಾಯನಿಕ. ಆದರೆ ಅದು ಲಾರಿ ಹತ್ತಿದ ಕಳ್ಳಿನ ಕತೆ. ಮರದ ಬುಡದಲ್ಲೇ ಅಂದಂದಿಗೆ ಮುಗಿಯುವ ಕಳ್ಳಿನಲ್ಲಿ ಬೆರಕೆಗೆ ಲಾಭ ಕಡಿಮೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರದ್ದು. ಪಕ್ಕದ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ, 2017ರಲ್ಲಿ ಪದ್ಮಶ್ರೀ ಪಡೆದ ನಮ್ಮ ಸುಕ್ರಜ್ಜಿ, ಹಾಡಿನಷ್ಟೇ ಗಟ್ಟಿಯಾಗಿ ಸಾರಾಯಿಯ ವಿರುದ್ಧ ನಿಂತವರು. ಕುಡಿತ ಮನೆ ಮುರಿಯುವುದನ್ನು ಕಂಡ ಹೆಂಗಸರ ಮುಂದೆ ನಿಂತು ಶೇಕಡಾ ಲೆಕ್ಕ ಹೇಳುವುದು ಉದ್ಧಟತನ. ಕಳ್ಳಿನಿಂದಲೂ ಮನೆ ಮುರಿದೀತು, ಒಪ್ಪುತ್ತೇನೆ. ಹಾಗೆಂದು ಅವರ ಹೋರಾಟದಿಂದ ಸರ್ಕಾರ ಕಲಿತದ್ದೇನು? ಅಗ್ಗದ ಕುಡಿತ ನಿಲ್ಲಿಸಿ ದುಬಾರಿಯದನ್ನು ಉಳಿಸಿತು. ಕೂಲಿಯ ಹಣ ಈಗ ಸೀಲು ಒತ್ತಿದ ಬಾಟಲಿಗೆ ಹೋಗುತ್ತದೆ. ಆ ಹೆಂಗಸರು ಕೇಳಿದ್ದು ಅದನ್ನಲ್ಲ.

ಸ್ಟೌಟಿನ ಹುಚ್ಚಿರುವವರು ಅದನ್ನು ಬೆಂಗಳೂರಿನಲ್ಲೋ ವಿದೇಶದಲ್ಲೋ ಕುಡಿಯಲಿ, ನನ್ನ ತಕರಾರಿಲ್ಲ. ನನ್ನ ಬೇಡಿಕೆ ವಿಧಾನಸೌಧದಲ್ಲಿ ಕೂತ ಕರಾವಳಿಯ ಶಾಸಕರಿಗೆ: ಉಡುಪಿಗೆ ಕೊಟ್ಟ ವಿನಾಯಿತಿಯನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಗೂ ವಿಸ್ತರಿಸಿ. ಷರತ್ತು ಬೇಕಾದಷ್ಟು ಹಾಕಿ: ಮರಕ್ಕೊಂದು ನಂಬರು, ಅಂದಿನ ಕಳ್ಳು ಅಂದೇ ಖರ್ಚು, ಗ್ರಾಮ ದಾಟಿ ಸಾಗಿಸುವಂತಿಲ್ಲ, ಊರಿನ ಹೆಂಗಸರ ಗ್ರಾಮಸಭೆ ಬೇಡವೆಂದರೆ ಅಲ್ಲಿಗೆ ಬೇಡ. ಮರ ಹತ್ತಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಲಿ.