ಹಳೆಯ ವಾದ್ಯಗಳ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಸದಿಯ ಮುರಿದ, ಬಿರುಕುಬಿಟ್ಟ ಭಾಗಗಳ ದುರಸ್ತಿಯನ್ನು ದಾನಿಗಳು ಪೂಜೆ, ಆಹಾರದಾನಗಳ ಸಾಲಿನಲ್ಲಿಯೇ ಇರಿಸಿದರು. ಕಲ್ಲಿನಲ್ಲಿ ಮುರಿದದ್ದು ಯಾವುದೆಂದು ಕಣ್ಣಿಗೆ ಕಾಣುತ್ತದೆ. ವಾದ್ಯದ ವಿಷಯ ಹಾಗಲ್ಲ; ಅಲ್ಲಿ ದೋಷವೆಂದು ತೋರುವುದೇ ಕೆಲವೊಮ್ಮೆ ನಾದದ ಮೂಲವಾಗಿರುತ್ತದೆ.

ಯುರೋಪಿನ ಹರ್ಡಿ ಗರ್ಡಿ ಎಂಬ ವಾದ್ಯದಲ್ಲಿ, ಹಿಡಿಯಿಂದ ತಿರುಗಿಸುವ ಮರದ ಗಾಲಿಯು ರಾಳ ಸವರಿಕೊಂಡು ತಂತಿಗಳನ್ನು ಉಜ್ಜುತ್ತದೆ. ಅದರ ಒಂದು ತಂತಿಯ ಕೆಳಗಿನ ಪುಟ್ಟ ಕುದುರೆಗೆ ಫ್ರೆಂಚರು ‘ನಾಯಿ’ ಎನ್ನುತ್ತಾರೆ. ಅದರ ಒಂದು ಕಾಲು ಸಡಿಲವಾಗಿರುತ್ತದೆ. ಗಾಲಿಯನ್ನು ಜಗ್ಗಿ ತಿರುಗಿಸಿದಾಗ ಆ ಕಾಲು ಹಲಗೆಯ ಮೇಲೆ ಅದುರಿ ತಾಳವನ್ನು ನುಡಿಸುತ್ತದೆ. ಕಿತ್ತುಬಂದಿದೆಯೆಂದು ಭಾವಿಸಿ ಅದನ್ನು ಅಂಟಿಸಿದರೆ ಸ್ವರ ಉಳಿಯುತ್ತದೆ, ತಾಳ ಸಾಯುತ್ತದೆ. ನಮ್ಮ ತಂಬೂರಿಯದೂ ಇದೇ ಕಥೆ. ಕುದುರೆಯ ನವಿರಾದ ಉಬ್ಬನ್ನು ಉಜ್ಜಿ ಸಮಮಾಡಿದರೆ, ತಂತಿಯ ಕೆಳಗಿನ ಜೀವಾಳದ ನೂಲನ್ನು ಕಸವೆಂದು ತೆಗೆದರೆ, ಝೇಂಕಾರ ಹೋಗಿ ಬರಿಯ ತಂತಿ ಉಳಿಯುತ್ತದೆ.

ಸಂಡೂರು ತಾಲೂಕಿನ ದರೋಜಿಯವರು ಬುರ್ರಕಥಾ ಈರಮ್ಮ. ಅಕ್ಷರ ಕಲಿಯದ ಆಕೆ ಕುಮಾರರಾಮನ ಕಥೆಯೂ ಸೇರಿದಂತೆ ದೀರ್ಘ ಕಾವ್ಯಗಳನ್ನು ಕಂಠದಲ್ಲಿ ಧರಿಸಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೆ ಪಾತ್ರರಾಗಿ 2014ರಲ್ಲಿ ತೀರಿಕೊಂಡರು. ಬುರ್ರಕಥೆಯಲ್ಲಿ ಕಥನಕಾರರ ಕೈಯಲ್ಲಿ ತಂಬೂರಿ, ಜೊತೆಯವರ ಕೈಯಲ್ಲಿ ಚರ್ಮವಾದ್ಯ. ಕಾವ್ಯದ ಮಾತುಗಳನ್ನು ಪುಸ್ತಕ ಉಳಿಸಬಲ್ಲದು. ಆದರೆ ತಂಬೂರಿಯನ್ನು ಹೇಗೆ ಹಿಡಿಯುತ್ತಿದ್ದರು, ಎಲ್ಲಿ ಮಿಡಿಯುತ್ತಿದ್ದರು ಎಂಬುದನ್ನು ಹೇಳಬಲ್ಲದ್ದು ಮರದ ಮೇಲಿನ ಸವೆತವೇ. ಇಂತಹ ವಾದ್ಯವೊಂದು ವಸ್ತುಸಂಗ್ರಹಾಲಯವನ್ನು ಸೇರುವ ಮುನ್ನ ಯಾರಾದರೂ ಅದಕ್ಕೆ ಮರಳುಕಾಗದ ಉಜ್ಜಿ ಹೊಸ ಮೆರುಗೆಣ್ಣೆ ಬಳಿದರೆ, ಓಲೆಯ ಅಂಚಿನ ಟಿಪ್ಪಣಿಯನ್ನು ಹೆರೆದುಹಾಕಿದಂತೆಯೇ. ಮುಂದೆ ಯಾವ ಸಂಶೋಧಕನೂ ಅದನ್ನು ಓದಲಾರನು.

ಇದಕ್ಕೆ ದಾರಿಯನ್ನು ಮೂಡುಬಿದಿರೆ ತೋರಿಸಿದೆ. ಅಲ್ಲಿಯ ಧವಲಾ ಗ್ರಂಥದ ತಾಳೆಯೋಲೆಗಳನ್ನು ಯಾರೂ ತಿದ್ದಿ ಹೊಸದು ಮಾಡಲಿಲ್ಲ. ಪ್ರತಿ ಮಾಡಿಕೊಂಡರು; ಓದು, ಸಂಪಾದನೆ, ಮುದ್ರಣಗಳು ಪ್ರತಿಗಳ ಆಧಾರದಿಂದ ಮೊದಲಾದವು; ಮೂಲ ಓಲೆ ಬಸದಿಯಲ್ಲಿಯೇ ಉಳಿಯಿತು. ಮುಂದೆ ಪ್ರತಿಯ ಬಗೆಗೆ ಸಂದೇಹ ಬಂದಾಗ ಕೇಳಲು ಮೂಲವಿತ್ತು. ವಾದ್ಯಕ್ಕೂ ಇದೇ ಸಲ್ಲುತ್ತದೆ. ಹಳೆಯದನ್ನು ಅಳೆದು, ಅದರ ದನಿಯನ್ನು ಮುದ್ರಿಸಿಕೊಂಡು, ನುಡಿಸಲು ಬೇರೊಂದನ್ನು ಮಾಡಬೇಕು. ಹಳೆಯದಕ್ಕೆ ಕೈ ಹಚ್ಚಲೇಬೇಕಾದಲ್ಲಿ, ಮುಂದಿನವನು ಬಿಡಿಸಬಹುದಾದಷ್ಟನ್ನು ಮಾತ್ರ ಅಂಟಿಸಬೇಕು.