ನಂಜು ಮತ್ತು ಪಥ್ಯ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಂಬದ ಮನೆ ಮಲೆನಾಡಿನ ಸೆರಗಿನಲ್ಲಿ ಸಿಕ್ಕುವುದು ದುರ್ಲಭ. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಎಳೆಗೂಸಿನ ಕೆನ್ನೆಯಲ್ಲೋ ಮೊಣಕೈಯ ಮಡಿಕೆಯಲ್ಲೋ ಇಸುಬು ಕಾಣಿಸಿಕೊಂಡಿತೆಂದರೆ, ಹಿರಿಯರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: “ಏನೋ ನಂಜಿನ ಪದಾರ್ಥ ಹೊಟ್ಟೆಗೆ ಹೋಗಿದೆ.”

ನಂಜು! ಈ ಎರಡಕ್ಷರದ ಪದವು ಎಷ್ಟು ಪದಾರ್ಥಗಳನ್ನು ಎಲೆಯಿಂದ ಎಬ್ಬಿಸಿ ಕಳುಹಿಸಿದೆಯೋ ಬಲ್ಲವರಾರು? ಬದನೆಕಾಯಿ ನಂಜು, ಶೇಂಗಾ ನಂಜು, ಹಲಸಿನ ಹಣ್ಣು ನಂಜು. ಶಿಕಾರಿಪುರದ ಅಜ್ಜಿ ಮೊಸರನ್ನು ಬಿಡಿಸಿದರೆ, ಸೊರಬದ ಅಜ್ಜಿ ಬೇಳೆಯನ್ನೂ ಬಿಡಿಸುತ್ತಾರೆ. ಇಬ್ಬರ ಮಾತನ್ನೂ ಮೀರಲಾರದ ತಾಯಿ ಮಗುವಿಗೆ ಬರಿಯ ಗಂಜಿ ಉಣಿಸುತ್ತಾಳೆ. ಎರಡು ತಿಂಗಳು ಕಳೆದರೂ ಇಸುಬು ಇದ್ದಲ್ಲಿಯೇ ಇರುತ್ತದೆ. ಕರಗಿದ್ದು ಮಗುವಿನ ಮೈ ಮಾತ್ರ.

ಹಿರಿಯರ ಮಾತು ನಿರಾಧಾರವೇನಲ್ಲ. ಚರಕಸಂಹಿತೆಯು ವಿಚರ್ಚಿಕೆಯನ್ನು ಕುಷ್ಠಗಳ ಸಾಲಿನಲ್ಲಿ ಎಣಿಸಿ, ವಿರುದ್ಧಾಹಾರವನ್ನು ಅವುಗಳ ಕಾರಣಗಳಲ್ಲಿ ಒಂದೆಂದು ಹೇಳಿದೆ. ಕರುಳಿನಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳು ಶಿಶುವಿನ ರೋಗನಿರೋಧಕ ಶಕ್ತಿಗೆ ಗುರುಗಳಂತೆ ಪಾಠ ಹೇಳುತ್ತವೆಂಬುದನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಅಲರ್ಜಿಯ ವಂಶಗಳ ಗರ್ಭಿಣಿಯರಿಗೂ ಅವರ ಶಿಶುಗಳಿಗೂ ಹಿತಕರ ಬ್ಯಾಕ್ಟೀರಿಯಾ ಕೊಟ್ಟು ನೋಡಿದ ಫಿನ್ಲೆಂಡಿನ ವೈದ್ಯರು, ಎರಡು ವರ್ಷದ ಮಕ್ಕಳಲ್ಲಿ ಇಸುಬು ಸುಮಾರು ಅರ್ಧಕ್ಕೆ ಇಳಿಯಿತೆಂದು 2001ರಲ್ಲಿ ಪ್ರಕಟಿಸಿದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈಗಾಗಲೇ ಇಸುಬು ಬಂದವರಿಗೆ ಅಂಥ ಬ್ಯಾಕ್ಟೀರಿಯಾಗಳಿಂದ ಹೆಚ್ಚಿನ ಗುಣವಿಲ್ಲವೆಂದು 2018ರ ಕಾಕ್ರೇನ್ ಪರಾಮರ್ಶೆ ತಿಳಿಸಿತು. ಅದಕ್ಕೂ ಮೊದಲು, 2006ರಲ್ಲಿ, ಚರ್ಮದ ಕೋಟೆಯನ್ನು ಭದ್ರಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆಯೇ ಅನೇಕರ ಇಸುಬಿಗೆ ದಾರಿಯೆಂದು ಗೊತ್ತಾಗಿತ್ತು. ಕೋಟೆ ಬಿರಿದರೆ ಆಹಾರದ ಕಣಗಳು ಚರ್ಮದ ಮೂಲಕವೇ ಒಳಹೊಕ್ಕು ಅಲರ್ಜಿಯನ್ನು ಹುಟ್ಟಿಸಬಲ್ಲವು. ಹೊಟ್ಟೆಯ ತಪ್ಪು ಚರ್ಮದಲ್ಲಿ ಕಾಣಿಸಿತೆಂದು ನಾವು ಬಗೆದರೆ, ಚರ್ಮದ ಬಿರುಕೇ ಹೊಟ್ಟೆಗೆ ಜಗಳ ತಂದಿಟ್ಟಿರಲೂಬಹುದು!

ಶೇಂಗಾದ ವಿಷಯವನ್ನೇ ನೋಡಿ. ತೀವ್ರ ಇಸುಬೋ ಮೊಟ್ಟೆಯ ಅಲರ್ಜಿಯೋ ಇದ್ದ ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇಂಗಾ ತಿಂದು ಬೆಳೆದವರಿಗಿಂತ ಅದನ್ನು ದೂರವಿಟ್ಟವರಲ್ಲಿಯೇ ಅದರ ಅಲರ್ಜಿ ಬಹಳ ಹೆಚ್ಚಾಗಿ ಕಂಡಿತು. ಹಾಗೆಂದು ಇಂಥ ಮಗುವಿಗೆ ತಾವಾಗಿಯೇ ತಿನ್ನಿಸತೊಡಗಬಾರದು; ವೈದ್ಯರು ಮೊದಲು ಪರೀಕ್ಷಿಸಬೇಕು.

ಪದಾರ್ಥವೊಂದು ಹೊಟ್ಟೆಗೆ ಹೋದೊಡನೆ ದದ್ದು, ವಾಂತಿ, ಉಬ್ಬಸ ಬಂದರೆ ಅದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಧಾವಿಸಬೇಕು. ಉಳಿದಂತೆ ಸ್ನಾನದ ತೇವ ಆರುವ ಮುನ್ನ ಮೈಗೆ ತೇವ ಕಾಯುವ ಲೇಪವನ್ನು ಧಾರಾಳವಾಗಿ ಸವರುವುದು, ಚರ್ಮ ಒಣಗಿಸುವ ಸಾಬೂನನ್ನು ಬಿಡುವುದು, ಉಗುರು ಕತ್ತರಿಸುವುದು, ಕೆರಳಿದಾಗ ವೈದ್ಯರು ಕೊಟ್ಟ ಮುಲಾಮನ್ನು ಅವರು ಹೇಳಿದಷ್ಟು ದಿನ ಹಚ್ಚುವುದು, ಇವೇ ನಿಜವಾದ ಪಥ್ಯ.

ಶಿಕಾರಿಪುರದ ಸಮೀಪದ ಬಳ್ಳಿಗಾವೆಯ ಕೋಡಿಯಮಠವನ್ನು, ದೀನರಿಗೆ ಅನ್ನವೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುವ ತಾಣವೆಂದು 1162ರ ಶಾಸನ ಕೊಂಡಾಡುತ್ತದೆ. ಅನ್ನವೂ ಔಷಧವೂ ಒಂದೇ ಅಂಗಳದಲ್ಲಿ! ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕೆಂದು ಅಲ್ಲಿ ಯಾರಿಗೂ ತೋರಿರಲಾರದು. ಬೆಳೆಯುವ ಕೂಸಿನ ತಟ್ಟೆಗೆ ಕೈ ಹಾಕುವ ಮುನ್ನ ಎರಡೂರಿನ ಅಜ್ಜಿಯರು ಇಷ್ಟನ್ನು ನೆನೆದರೆ ಸಾಕು.