ಹೋದರು, ಹೋಗಿಬಿಟ್ಟರು

ಇಂಗ್ಲಿಷ್ ಕಥೆಗಳನ್ನು ಓದುವವರಿಗೆ ‘ಮ್ಯಾಟರ್-ಆಫ್-ಫ್ಯಾಕ್ಟ್ಲಿ’ ಎಂಬ ಕ್ರಿಯಾವಿಶೇಷಣವು ಆಗಾಗ ಎದುರಾಗುತ್ತದೆ. ಪಾತ್ರವೊಂದು ದೊಡ್ಡ ಸಂಗತಿಯನ್ನು, ಭಾವದ ಏರಿಳಿತವಿಲ್ಲದೆ, ಇದ್ದುದನ್ನು ಇದ್ದಂತೆ ನುಡಿದಾಗ ಕಥೆಗಾರನು ಈ ಮಾತನ್ನು ಹಚ್ಚುತ್ತಾನೆ. ಓದುವಾಗ ತೊಡಕಿಲ್ಲ; ಕನ್ನಡಿಸಹೊರಟಾಗಲೇ ಲೇಖನಿ ನಿಲ್ಲುತ್ತದೆ.

ಇಂಥ ತೊಡಕು ಬಳ್ಳಾರಿಗೆ ಹಳೆಯದು. ಅಲ್ಲಿ ನೆಲೆಸಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪದಕ್ಕೆ ಪದವನ್ನು ಜೋಡಿಸುವ ಕಾರ್ಯ ಅಂದಿನಿಂದಲೂ ನಡೆದಿದೆ. ಆದರೆ ಈ ಪದಕ್ಕೆ ಜೋಡಿ ಯಾವುದು? ‘ನಿರ್ವಿಕಾರವಾಗಿ’ ಎಂದರೆ ಗೃಹಿಣಿಯೂ ವೇದಾಂತಿಯಾಗಿಬಿಡುತ್ತಾಳೆ. ‘ಉದಾಸೀನವಾಗಿ’ ಎಂದರೆ ಹೇಳಿದ ಸಂಗತಿಯೇ ಆಕೆಗೆ ಲೆಕ್ಕಕ್ಕಿಲ್ಲವೆಂದಾಯಿತು. ‘ಶುಷ್ಕವಾಗಿ’ ಎಂಬಲ್ಲಿ ಬೇಸರವಿದೆ; ‘ಖಡಾಖಂಡಿತವಾಗಿ’ ಎಂಬಲ್ಲಿ ಜಗಳದ ವಾಸನೆಯಿದೆ.

ಇಂಗ್ಲಿಷ್ ನುಡಿಗಟ್ಟಿನ ಬೇರು ನ್ಯಾಯಾಲಯದಲ್ಲಿದೆ. ಕಾನೂನಿನ ಪ್ರಶ್ನೆ ಬೇರೆ, ನಡೆದ ಸಂಗತಿಯ ಪ್ರಶ್ನೆ ಬೇರೆ ಎಂಬ ವಿಂಗಡಣೆಯಿಂದ ಅದು ಹುಟ್ಟಿತು. ಸಾಕ್ಷಿಯು ಕಂಡದ್ದನ್ನು ಹೇಳಿದರೆ ಸಾಕು. ಅವನಿಗೆ ದುಃಖವಿಲ್ಲವೆಂದಲ್ಲ, ಅದನ್ನು ಯಾರೂ ಕೇಳಿಲ್ಲ, ಅಷ್ಟೆ. ರಂಗಭೂಮಿಯಲ್ಲಿ ಹೆಸರಾದ ಬಳ್ಳಾರಿ ರಾಘವರು (1880–1946) ವೃತ್ತಿಯಿಂದ ವಕೀಲರು. ಕಟಕಟೆಯ ಮಾತು, ರಂಗದ ಮಾತು ಎರಡನ್ನೂ ಬಲ್ಲ ಅವರು ಅಬ್ಬರದ ನಟನೆಗಿಂತ ಸಹಜವಾದ ನಟನೆಗೆ ಪ್ರಸಿದ್ಧರಾದದ್ದು ಆಕಸ್ಮಿಕವಿರಲಾರದು.

ಕನ್ನಡವಾದರೋ ಈ ಕೆಲಸವನ್ನು ಕ್ರಿಯಾಪದದ ತುದಿಯಲ್ಲಿಯೇ ಮಾಡಿ ಮುಗಿಸುತ್ತದೆ. ‘ಹಾಲು ಉಕ್ಕಿತು’ ಎಂಬುದು ವರದಿ. ‘ಉಕ್ಕಿಬಿಟ್ಟಿತು’ ಎಂಬುದು ಒಲೆಯ ಮುಂದಿದ್ದವಳ ಅಳಲು. ‘ಬಿಡು’ ಎಂಬ ಆ ಪುಟ್ಟ ಸಹಾಯಕ ಕ್ರಿಯೆಯು ಕೆಲಸ ಮುಗಿದುದನ್ನೂ, ಕೈಮೀರಿದುದನ್ನೂ, ಮನಸ್ಸು ನೊಂದುದನ್ನೂ ಒಟ್ಟಿಗೇ ಹೊರುತ್ತದೆ. (ಅದಿಲ್ಲದಿದ್ದರೆ ಎಷ್ಟು ಧಾರಾವಾಹಿಗಳ ನಾಯಕಿಯರು ಮೂಕರಾಗುತ್ತಿದ್ದರೋ!) ಅದನ್ನು ತೆಗೆದರೆ ಇಂಗ್ಲಿಷಿನ ಆ ಉದ್ದನೆಯ ಪದ ತಾನಾಗಿ ಬಂದು ಕೂಡುತ್ತದೆ. ಆದುದರಿಂದ ಅನುವಾದಕನು ಕ್ರಿಯಾವಿಶೇಷಣವನ್ನು ಹುಡುಕುವುದಕ್ಕಿಂತ ಸಂಭಾಷಣೆಯನ್ನು ಬೋಳುಮಾಡುವುದೇ ಮೇಲು.

ಆದರೆ ಬೋಳುಮಾತನ್ನು ಕೇಳಿದವರು ಅದನ್ನು ಸರಿಯಾಗಿ ಅರಿಯುವರೆಂಬ ಭರವಸೆಯೇನೂ ಇಲ್ಲ. ಪಾರ್ವತಿನಗರದ ಮನೆಯೊಂದರಲ್ಲಿ ಯಜಮಾನರು ತೀರಿಕೊಂಡ ಸಂಜೆ, ಅವರ ಪತ್ನಿ ಬೆಂಗಳೂರಿನ ಮಗನಿಗೆ ದೂರವಾಣಿಯಲ್ಲಿ ಹೇಳಿದ್ದು ಇಷ್ಟೇ: “ನಿಮ್ಮಪ್ಪ ಹೋದರು. ರಾತ್ರಿ ರೈಲಿಗೆ ಹೊರಟು ಬಾ. ಮಗುವಿಗೆ ಸ್ವೆಟರ್ ಹಾಕಿಸು.” ಪಕ್ಕದಲ್ಲಿದ್ದ ಬಂಧುಗಳು ಆಕೆಯದು ಕಲ್ಲೆದೆಯೆಂದು ಬಹಳ ದಿನ ಆಡಿಕೊಂಡರು. ‘ಹೋಗಿಬಿಟ್ಟರು’ ಎಂದಿದ್ದರೆ ಒಂದು ಅಕ್ಷರವನ್ನೂ ಆಡುತ್ತಿರಲಿಲ್ಲ. ಮಗ ಮಾತ್ರ ಎಂದೂ ಆ ಮಾತನ್ನು ತಪ್ಪು ತಿಳಿಯಲಿಲ್ಲ. ‘ಹೋಗಿಬಿಟ್ಟರು’ ಎಂದು ಬಾಯಿಬಿಟ್ಟಿದ್ದರೆ ರೈಲಿನ ಮಾತನ್ನೂ ಸ್ವೆಟರಿನ ಮಾತನ್ನೂ ಹೇಳಿ ಮುಗಿಸಲು ತಾಯಿಗೆ ದನಿ ಉಳಿಯುತ್ತಿರಲಿಲ್ಲವೆಂದು ಆತ ಹೆಂಡತಿಯೊಡನೆ ಹೇಳಿದ್ದುಂಟು. ಅದನ್ನೂ ಆತ ಹೇಳಿದ್ದು ತರಕಾರಿಯ ಲೆಕ್ಕ ಬರೆಯುತ್ತ, ತಲೆಯೆತ್ತದೆ.